ಎರೆಮಣ್ಣಿನ ಸಾಕ್ಷಿ

ವಿದ್ಯಾಗಿರಿಯ ಪ್ರಯೋಗಾಲಯದಲ್ಲಿ ಕಟ್ಟಡದ ಜಾಗದ ಮಣ್ಣು ಪರೀಕ್ಷಿಸುವ ಎಂಜಿನಿಯರ್ ಒಬ್ಬರಿದ್ದರು. ಯಾರು ಏನೇ ವಾದಿಸಿದರೂ, ಒದ್ದೆ ಮಣ್ಣನ್ನು ಗಾಜಿನ ಮೇಲೆ ಶ್ಯಾವಿಗೆಯಂತೆ ಹೊಸೆಯುತ್ತ, “ಮಣ್ಣಿನ ಬಾಯಿಂದನ ಕೇಳೂಣ್ರಿ” ಎನ್ನುತ್ತಿದ್ದರು.

ಕೆರೂರಿನ ಬಳಿಯ ನಮ್ಮ ಶಾಲೆಗೆ ಹೊಸ ಕೋಣೆಗಳು ಮಂಜೂರಾದಾಗ ಅವರ ಬಳಿಗೆ ಮಣ್ಣು ಒಯ್ದವನು ನಾನು, ಅಲ್ಲಿನ ಮಾಸ್ತರ. ಹೊಲದ ಮಣ್ಣಿನ ಪರೀಕ್ಷೆಗೆ ಮಾಡುವಂತೆಯೇ ನಾಲ್ಕು ಮೂಲೆಯಲ್ಲಿ ಗೇಣುದ್ದ ಅಗೆದು, ಹರಳು ಆರಿಸಿ, ನೆರಳಲ್ಲಿ ಒಣಗಿಸಿ ಚೀಲ ತುಂಬಿದ್ದೆ. ಚೀಲ ಬಿಚ್ಚಿ ನಕ್ಕರು.

“ಮಾಸ್ತರ್ರ, ಸಾಲಿ ಕಟ್ಟಾವರೇನ್ರಿ, ಜ್ವಾಳಾ ಬಿತ್ತಾವರೇನ್ರಿ?”

ಮರುದಿನ ತಾವೇ ಬಂದು ಆಳುದ್ದ ತಗ್ಗು ತೋಡಿಸಿದರು. ಮೇಲಿನ ಗರಸಿನ, ಅಂದರೆ ಹರಳುಮಣ್ಣಿನ, ಗಟ್ಟಿ ಪದರದ ಕೆಳಗೆ ಕಪ್ಪು ಎರೆಮಣ್ಣು ಕಂಡಿತು. “ನೆಲಾ ಗಟ್ಟಿ ಐತ್ರಿ, ಗರಸಿನ ಮಟಾ ಪಾಯಾ ಸಾಕು” ಎಂದು ಗುತ್ತಿಗೆದಾರ ಹಟ ಹಿಡಿದ. ಅವರು “ಮಣ್ಣಿನ ಬಾಯಿಂದನ ಕೇಳೂಣ್ರಿ” ಎಂದರು. ಎರೆಯನ್ನು ಒಣಗಿಸಿ, ಪುಡಿ ಮಾಡಿ, ಎರಡು ಗಾಜಿನ ಕೊಳವೆಗಳಲ್ಲಿ ಸಮನಾಗಿ ಹಾಕಿ, ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ನೀರು ತುಂಬಿಟ್ಟರು. ಒಂದು ದಿನ ಕಳೆದು ನೋಡಿದರೆ ಎಣ್ಣೆಯೊಳಗಿನ ಮಣ್ಣು ಇದ್ದಷ್ಟೇ ಇತ್ತು. ನೀರಿನೊಳಗಿನದು ಉಬ್ಬಿ ದುಪ್ಪಟ್ಟಾಗಿತ್ತು.

“ಮಳಿಗಾಲದಾಗ ನಿಮ್ಮ ಗ್ವಾಡಿನೂ ಹಿಂಗ ಎತ್ತತೈತಿ” ಎಂದರು. ಗುತ್ತಿಗೆದಾರ ಎರೆ ದಾಟಿ ಗಟ್ಟಿ ಪದರದವರೆಗೆ ಪಾಯ ಇಳಿಸಿದ.

ಎರಡು ಮಳೆಗಾಲ ಕಳೆದ ಮೇಲೆ ಅವರು ಮತ್ತೆ ಬಂದರು. ಪರೀಕ್ಷೆಯಿಲ್ಲದೆ ಹಿಂದೆಯೇ ಕಟ್ಟಿದ್ದ ಕಂಪೌಂಡು ಬೆರಳು ತೂರುವಷ್ಟು ಸೀಳಿತ್ತು. ಹೊಸ ಕೋಣೆಗಳ ಗೋಡೆಗೆ ಉಗುರು ಎಳೆಯುತ್ತ ಒಂದು ಸುತ್ತು ಹಾಕಿದರು. ಉಗುರು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ಕೊನೆಯ ಮೂಲೆಯಲ್ಲಿ ನಿಂತು, ಗೆದ್ದ ಎತ್ತಿನ ಬೆನ್ನು ಚಪ್ಪರಿಸುವಂತೆ ಗೋಡೆಯನ್ನು ಚಪ್ಪರಿಸಿ, “ಭಲೇ!” ಎಂದರು.

ಕೆಳಗಿನ ಎರೆ ತುಟಿಪಿಟಕ್ಕೆನ್ನಲಿಲ್ಲ.