ಕಾಲು ಮುಂದಾಗಿ ಹುಟ್ಟಿದವಳು

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದವಳು. ಅಂಥವರು ಎಡಗಾಲಿನಿಂದ ಮೂರು ಸಲ ತುಳಿದರೆ ಉಳುಕು ಹೋಗುತ್ತದೆ ಎಂದು ನಮ್ಮ ಮಲ್ಲಟದಲ್ಲಿ ನಂಬುತ್ತಾರೆ. ಸೊಂಟ ಹಿಡಿದವರೆಲ್ಲ ನಮ್ಮ ಮನೆಗೇ ಬರುತ್ತಿದ್ದರು. ಆ ದೊಡ್ಡಸ್ತಿಕೆ ನನ್ನ ತಲೆಗೇರಿತ್ತು.

ಮಾನ್ವಿಯ ಕಾಲೇಜಿನಲ್ಲಿ ನಾನು ಖೋಖೋ ತಂಡದ ನಾಯಕಿ. ರಾಯಚೂರಿನ ಪಂದ್ಯದ ಹಿಂದಿನ ದಿನ, ನಮ್ಮಲ್ಲೇ ಚುರುಕಾದ ಗೆಳತಿ ಕಂಬ ಸುತ್ತುವಾಗ ಪಾದ ಹೊರಳಿ ಬಿದ್ದಳು.

"ಕಾಲು ಊರಬ್ಯಾಡವ್ವಾ, ಎಕ್ಸ್‌ರೇ ತೆಗಿಸೋಣು" ಎಂದು ಹೇಳಿ ಆಟ ಕಲಿಸುವ ಸರ್ ಐಸ್ ತರಲು ಹೋದರು. ನಾನಿರುವಾಗ ಐಸ್ ಯಾಕೆ ಎಂದು ಸಿಟ್ಟು ಬಂತು. ಬಾತ ಪಾದದ ಮೇಲೆ ಮೂರು ಸಲ ತುಳಿದೆ. ಅವಳು ವೇಲು ಕಚ್ಚಿ ಹಿಡಿದಳು.

"ಕಡಿಮಿ ಆತಿಲ್ಲ?" ಎಂದು ಗದರಿಸಿದಂತೆಯೇ ಕೇಳಿದೆ.

"ಆತು" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ನಾನು ನೋಡಿದೆ.

ಮರುದಿನ ಸರ್ ಕೇಳಿದಾಗಲೂ ನನ್ನ ಮುಖ ನೋಡಿ, ನೋವಿಲ್ಲ ಎಂದಳು. ಪಂದ್ಯದ ಮಧ್ಯೆ ಕುಸಿದಳು. ಎಲುಬು ಮುರಿದಿತ್ತು. ಮುರಿದ ಕಾಲಲ್ಲಿ ಓಡಿಸಿದವರು ಯಾರೆಂದು ಡಾಕ್ಟರು ರೇಗಿದರೆ, "ನಾನಽ ಓಡೀನ್ರಿ" ಎಂದಳು. ನಾನು ಪಕ್ಕದಲ್ಲೇ ನಿಂತಿದ್ದೆ.

ಈಗಲೂ ಅವಳು ಕುಂಟುತ್ತಾಳೆ. ಹೋದ ತಿಂಗಳು ಕವಿತಾಳದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ, ತನ್ನ ಮಗಳಿಗೆ ನನ್ನನ್ನು ತೋರಿಸಿ ಹೇಳಿದಳು: "ಅವತ್ತು ಈಕಿ ತುಳಿದಿದ್ದಕ್ಕ ನಾ ಇಷ್ಟಾದ್ರೂ ನಡಿಯಾಕತ್ತೀನಿ."

ನಾನು ಅಲ್ಲ ಅನ್ನಲಿಲ್ಲ.