ಕಾಂಡ್ಲಾ ಕಿತ್ತ ದಿನ

ನಾನು ನವಿ ಮುಂಬಯಿಗೆ ಬಂದ ಹೊಸತರಲ್ಲಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಅಂಚಿನಲ್ಲಿ ಉಪ್ಪುನೀರಿಗೆ ಬೆಳೆಯುವ ಕಾಂಡ್ಲಾ ಗಿಡ ಕಡಿದು, ಮಣ್ಣು ತುಂಬಿ, ಕಟ್ಟಡ ಎಬ್ಬಿಸುವುದೇ ಅಭಿವೃದ್ಧಿಯಾಗಿತ್ತು. ಆಮೇಲೆ ಕಡಿಯುವುದು ಅಪರಾಧವಾಯಿತು, ನೆಡುವುದು ಸರ್ಕಾರಿ ಕಾರ್ಯಕ್ರಮವಾಯಿತು. ಎರಡನ್ನೂ ಕನ್ನಡ ಪತ್ರಿಕೆಗೆ ವರದಿ ಮಾಡಿದ್ದೇನೆ.

ಆ ನೆಡುವ ಕಾಲದಲ್ಲಿ ಸೀವುಡ್ಸ್ ಬಡಾವಣೆಯ ಹಿಂದಿನ ಖಾಡಿಯ ಕೆಸರಿನಲ್ಲಿ ದಿನಗೂಲಿ ಮಾಡುತ್ತಿದ್ದವರಲ್ಲಿ ತುರ್ಭೆಯ ನಮ್ಮ ಚಾಳಿನ ಹೆಂಗಸೊಬ್ಬರಿದ್ದರು. ಕುಂದಾಪುರದ ಕಡೆಯವರು. ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಗಂಡ ತೀರಿಕೊಂಡಿದ್ದರು. ಯಾರು ನೆಟ್ಟ ಗಿಡ ಉಳಿಯುತ್ತದೋ ಅವರನ್ನು ಕಾವಲಿಗೆ ಕಾಯಂ ಮಾಡುತ್ತೇವೆ ಎಂದು ಗುತ್ತಿಗೆದಾರ ಹೇಳಿದ್ದ.

ಬೇರೆಯವರು ದಡದ ಬಳಿ ನೆಟ್ಟರು. ಇವರು ನೀರಿನತ್ತ, ಬೋಳು ಕೆಸರಿಗೆ ಇಳಿದರು.

“ನಮ್ಮೂರ ಹೊಳೆಬದಿಯಲ್ಲಿ ಬೋಳು ಬಿಟ್ರೆ ಗದ್ದೆಯ ದಂಡೆಯೇ ಹೋಗ್ತದೆ ಮಾರಾಯ್ರೆ. ಖಾಲಿ ಬಿಡ್ಲಿಕ್ಕಿಲ್ಲ.”

ಒಂದೊಂದಕ್ಕೂ ಗೂಟ ಕೊಟ್ಟರು. ಸಮುದ್ರದ ನೀರು ಇಳಿಯುವ ಹೊತ್ತು ನೋಡಿ ಹೋಗಿ, ಸುತ್ತಿಕೊಂಡ ಪ್ಲಾಸ್ಟಿಕ್ ಬಿಡಿಸಿದರು. ಉಳಿದವರ ಸಾಲುಗಳು ಸತ್ತವು, ಇವರದು ಬದುಕಿತು. ನಾನು ಫೋಟೊ ತೆಗೆಸಿದೆ. “ಅಕ್ಕ, ಗಿಡ ಹಿಡಿದು ಸ್ವಲ್ಪ ನಗಿ” ಎಂದೆ. ಖಾಡಿಗೆ ಹಸಿರು ಸೀರೆ ಉಡಿಸಿದ ಮಹಿಳೆ ಎಂದು ತಲೆಬರಹ ಕೊಟ್ಟೆ. ಆ ಪುಟವನ್ನು ಅವರು ಗುತ್ತಿಗೆದಾರನಿಗೆ ತೋರಿಸಿದರು. ಕಾಯಂ ಮುಂದಿನ ವರ್ಷ ಎಂದ. ಪ್ರತಿ ವರ್ಷವೂ ಹಾಗೆಯೇ ಎಂದ.

ಈಗ ನೀತಿ ಮತ್ತೆ ಬದಲಾಗಿದೆ. ನೀರಿನ ದಾರಿ ಬಿಡಿಸಿದರೆ ಗಿಡ ತಾನಾಗಿ ಬರುತ್ತದೆ, ನೆಡಬೇಕಿಲ್ಲ. ಬೋಳು ಕೆಸರು ಖಾಲಿ ಜಾಗವಲ್ಲ, ಫ್ಲೆಮಿಂಗೊಗಳು ಮೇಯುವ ಜಾಗ. ಮಾತು ಸರಿಯೇ. ತಪ್ಪು ಜಾಗದಲ್ಲಿ ನೆಟ್ಟದ್ದನ್ನು ಕೀಳಬೇಕೆಂದು ತೀರ್ಮಾನವಾಯಿತು. ಅಂಥ ಜಾಗದಲ್ಲಿ ಬದುಕಿದ್ದು ಇವರ ಗಿಡಗಳು ಮಾತ್ರ.

ಕೀಳಲು ಇವರನ್ನೇ ಕರೆದರು. “ಮಾವಶಿ, ಜಡ್ ಸೇ ನಿಕಾಲೋ. ಆಪ್‌ಕೋ ತೋ ಪತಾ ಹೈ” ಎಂದ ಹೊಸ ಅಧಿಕಾರಿ.

ಅವರು ವರದಿಗೆಂದು ಹೋಗಿದ್ದ ನನ್ನತ್ತ ತಿರುಗಿದರು. “ಬೇರು ಎಲ್ಲುಂಟು ಅಂತ ನೆಟ್ಟವಳಿಗೇ ಗೊತ್ತಂತೆ. ಮರ್ಯಾದೆ ನೋಡಿ.”

“ಕಾಯಂ ವಿಷಯ ಕೇಳಿದಿರಾ?”

“ಕೇಳಿದೆ. ಇನ್ನು ಕಾಯ್ಲಿಕ್ಕೆ ಎಂತ ಉಂಟು ಅಂತ ಗುತ್ತಿಗೆದಾರ ನನ್ನನ್ನೇ ಕೇಳಿದ.”

ಸೊಂಟದೆತ್ತರದ ಗಿಡಗಳನ್ನು ಅಲುಗಿಸಿ ಅಲುಗಿಸಿ, ಬೇರು ತುಂಡಾಗದಂತೆ ಎಳೆದು, ಸಾಲಾಗಿ ಮಲಗಿಸಿದರು. ಕೈ ಪಳಗಿದ್ದರಿಂದ ನಾಲ್ಕು ದಿನದ ಕೆಲಸ ಮೂರರಲ್ಲಿ ಮುಗಿಯಿತು. ನಾಲ್ಕನೆಯ ದಿನ ಬರುವುದು ಬೇಡ, ಕೂಲಿಯಿಲ್ಲ ಎಂದ ಗುತ್ತಿಗೆದಾರ.

ನಮ್ಮ ಫೋಟೊಗ್ರಾಫರ್ ಕಿತ್ತ ಗಿಡವೊಂದನ್ನು ಅವರ ಕೈಗೆ ಕೊಟ್ಟ. ಹಿಂದಿನಂತೆಯೇ ಅದನ್ನು ಎದೆಯ ಮಟ್ಟಕ್ಕೆ ಹಿಡಿದು ನಿಂತರು.

“ಈ ಸಲ ನಗ್ಬೇಕಾ, ಬೇಡ್ವಾ?”

“ಬೇಡ” ಎಂದೆ. ಸುದ್ದಿಗೆ ಹೊಂದುತ್ತಿರಲಿಲ್ಲ.