ಮುಲುಂಡಿನ ಗಡಿಕಲ್ಲು ಅಳೆದು ಬಂದದ್ದು

ಕಲ್ಯಾಣದಲ್ಲಿ ರೈಲು ಇಳಿದಾಗ ಬೆಳಿಗ್ಗೆ ಏಳು ಗಂಟೆ. ಜುಲೈ ತಿಂಗಳ ಮಳೆ ಹಿಡಿದುಕೊಂಡಿತ್ತು. ಮುಲುಂಡಿಗೆ ಹತ್ತು ರೂಪಾಯಿಯ ಟಿಕೆಟ್ ತೆಗೆದು, ಅಳತೆಯ ಜಿಪಿಎಸ್ ಇದ್ದ ಚೀಲವನ್ನು ಎದೆಗವಚಿಕೊಂಡು ಲೋಕಲ್ ಹತ್ತಿದೆ. ನಾನು ಧಾರವಾಡದ ಸಣ್ಣ ನಕ್ಷೆ ಕಚೇರಿಯೊಂದರ ನೌಕರ. ಮುಲುಂಡಿನ ಗುಡ್ಡದ ಕಾಡಿನ ಗಡಿಯನ್ನು ಹಳೆಯ ನಕ್ಷೆಯಿಂದ ಕಂಪ್ಯೂಟರಿಗೆ ತಂದವನು ನಾನೇ, ಅದೂ ಮುಂಬೈಗೆ ಕಾಲಿಡದೆ. ಗಡಿಯೊಳಗೆ ಬಿದ್ದ ಮನೆಯವರೊಬ್ಬರು ತಕರಾರು ಬರೆದಿದ್ದರು. "ಒಂದ್ ಕಲ್ಲ್ ಅಳದ್ ಬಾ, ಮುಗೀತು" ಎಂದು ಮಾಲೀಕರು ಕಳಿಸಿದ್ದರು.

ಸ್ಟೇಷನ್ ಎದುರಿನ ಉಡುಪಿ ಹೋಟೆಲಿನಲ್ಲಿ ಇಡ್ಲಿ ತಿಂದೆ. ಎಲ್ಲಿಗೆ ಹೊರಟಿದ್ದೇನೆಂದು ಗಲ್ಲಾದಲ್ಲಿದ್ದವರು ಕೇಳಿದರು. "ಈ ಮಳೆಗೆ ಗುಡ್ಡಕ್ಕಾ ಮಾರಾಯ್ರೇ? ಕಾಲು ಜಾರ್ತದೆ, ಜಾಗ್ರತೆ" ಎಂದರು. ಅಲ್ಲಿಂದ ರಿಕ್ಷಾಕ್ಕೆ ನಲವತ್ತು ರೂಪಾಯಿ.

ತಕರಾರು ಬರೆದಿದ್ದ ಗಿರಿಜಕ್ಕ ಕೊಡೆ ಹಿಡಿದು ಸಾಲುಮನೆಗಳ ಚಾಳಿನ ಬಾಯಲ್ಲೇ ನಿಂತಿದ್ದರು. ವಿಜಯಪುರದ ಕಡೆಯವರು, ಮೂವತ್ತು ವರ್ಷದಿಂದ ಇಲ್ಲಿ ಮೆಸ್‌ಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾರೆ. ಜೊತೆಗೆ ಕಾಲೇಜು ಓದುವ ಮಗಳು ಸ್ನೇಹಾ.

"ಮೊದಲ ಮನಿ ನೋಡೂಣ್ರಿ" ಎಂದೆ.

"ಎಲ್ಲಿ ಮನೀರಿ ಸಾಹೇಬ್ರ? ಮೇ ತಿಂಗಳದಾಗ ಫಾರೆಸ್ಟಿನವ್ರು ಕೆಡವಿ ಹೋದ್ರು."

ಅವರು ತೋರಿಸಿದ ಕಡೆ ಇಟ್ಟಿಗೆ ಚೂರುಗಳ ನಡುವೆ ರೊಟ್ಟಿಯ ಒಲೆಕಟ್ಟೆಯೊಂದು ನೆನೆಯುತ್ತಿತ್ತು. ನನಗೆ ಯಾರೂ ಇದನ್ನು ಹೇಳಿರಲಿಲ್ಲ. ತಾಯಿ ಮಗಳು ಈಗ ಪಕ್ಕದ ಗಲ್ಲಿಯ ಒಂದು ಬಾಡಿಗೆ ಕೋಣೆಯಲ್ಲಿದ್ದರು. ಉಳಿದ ಹನ್ನೊಂದು ಮನೆಗಳಿಗೆ ಮಳೆ ಮುಗಿದ ಮೇಲೆ ಕೆಡವುತ್ತೇವೆಂದು ನೋಟಿಸ್ ಅಂಟಿಸಿದ್ದರು.

"ಗಡಿಕಲ್ಲು ಮ್ಯಾಲೆ ಗುಡ್ಡದಾಗೈತ್ರಿ ಅಂತ ಬಡ್ಕೊಂಡೆ. ಕೇಳಲಿಲ್ಲ. ಕೈಯಾಗಿನ ಸ್ಕ್ರೀನ್ ನೋಡಿ, ಕಲ್ಲು ನಿಮ್ಮ ಮನೀ ಕೆಳಗ ಬರ್ತೈತಿ ಅಂದ್ರು" ಎನ್ನುತ್ತಾ ಗಿರಿಜಕ್ಕ ನನ್ನನ್ನು ಗುಡ್ಡ ಹತ್ತಿಸಿಕೊಂಡು ಹೋದರು. ನಿಜವಾಗಿಯೂ ಕಾಲು ಜಾರುವ ದಾರಿ. ಏದುಸಿರು ಬಂದ ಮೇಲೆ ಕಲ್ಲು ಸಿಕ್ಕಿತು. ಪಾಚಿ ಕೆರೆದೆ. ಹಳೆಯ ನಕ್ಷೆಯಲ್ಲಿದ್ದ ಅದೇ ಸಂಖ್ಯೆ.

ಜಿಪಿಎಸ್ ಇಟ್ಟು ಕಾದೆ. ಅದು ಕೊಟ್ಟ ಅಕ್ಷಾಂಶ ರೇಖಾಂಶಗಳನ್ನು ಮೀಟರಿಗೆ ಬದಲಾಯಿಸಿ, ನನ್ನ ನಕ್ಷೆಯೊಂದಿಗೆ ಹೋಲಿಸಿದೆ. ನಾನು ತೋರಿಸಿದ್ದ ಜಾಗಕ್ಕಿಂತ ಕಲ್ಲು ಅರವತ್ತೇಳು ಮೀಟರ್ ಪಶ್ಚಿಮಕ್ಕೆ, ತೊಂಬತ್ತೆಂಟು ಮೀಟರ್ ಉತ್ತರಕ್ಕೆ ಇತ್ತು. ಒದ್ದೆ ನೆಲದಲ್ಲೇ ಕೂತುಬಿಟ್ಟೆ. ಈ ಅಂತರ ನಮ್ಮ ಕಸುಬಿನವರಿಗೆ ಚೆನ್ನಾಗಿ ಗೊತ್ತು. ಹಳೆಯ ನಕ್ಷೆ ಮಾಡಿದವರು ಭೂಮಿಯ ಆಕಾರಕ್ಕೆ ಬೇರೆಯೇ ಲೆಕ್ಕ ಹಿಡಿದಿದ್ದರು. ಡಿಗ್ರಿಯನ್ನು ಮೀಟರಿಗೆ ತರುವ ಮೊದಲು ಅದು ಯಾವ ಲೆಕ್ಕದ್ದೆಂದು ಕಂಪ್ಯೂಟರಿಗೆ ಹೇಳಬೇಕು. ನಾನು ಹೇಳದೆ, ಇವತ್ತಿನ ಲೆಕ್ಕವೆಂದೇ ಬಿಟ್ಟಿದ್ದೆ. ಗೆರೆಗಳೆಲ್ಲ ಒಟ್ಟಿಗೇ ಜಾರಿದ್ದರಿಂದ ಗಡಿಯ ಆಕಾರ ಚೂರೂ ಕೆಟ್ಟಿರಲಿಲ್ಲ, ಯಾರಿಗೂ ಅನುಮಾನ ಬಂದಿರಲಿಲ್ಲ. ಗೊತ್ತಿರುವ ಒಂದು ಬಿಂದುವನ್ನಾದರೂ ನೆಲದ ಮೇಲೆ ತಾಳೆ ನೋಡಬೇಕೆಂಬುದು ನಮ್ಮಲ್ಲಿ ಮೊದಲ ಪಾಠ. ನೋಡಿದ್ದೇನೆ ಎಂದು ಧಾರವಾಡದಲ್ಲಿ ಕೂತೇ ಸಹಿ ಹಾಕಿದ್ದೆ.

"ಅಂಕಲ್, ಗಲತಿ ಯಾರದು?" ಸ್ನೇಹಾ ಕೇಳಿದಳು.

ಕಂಪ್ಯೂಟರಿನದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಾಚಿಕೆಯಾಯಿತು. "ನಂದು" ಎಂದೆ.

ಗಿರಿಜಕ್ಕ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು, "ಬಾಯಿಲೆ ಹೇಳಿದ್ದು ಇಲ್ಲಿ ಯಾರೂ ನಂಬೂದಿಲ್ರಿ. ಬರದ್ ಕೊಡ್ರಿ" ಎಂದರು.

ಬರೆದರೆ ನನ್ನ ಕೆಲಸ ಹೋಗುವುದು ಖಂಡಿತ. ಆದರೂ ಕೆಳಗಿಳಿದು, ಅವರ ಕೋಣೆಯಲ್ಲಿ ರೊಟ್ಟಿ ಬುಟ್ಟಿಯ ಪಕ್ಕ ಕೂತು, ಸ್ನೇಹಾಳ ನೋಟ್‌ಬುಕ್ಕಿನ ಹಾಳೆಯಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದೆ. ಅವಳು ಓದಿ ತಾಯಿಗೆ ಕನ್ನಡದಲ್ಲಿ ವಿವರಿಸಿದಳು.

"ಅಂದ್ರ ಹನ್ನೊಂದು ಮನಿ ಉಳೀತಾವು?"

"ಉಳೀಬೇಕ್ರಿ ಅಕ್ಕಾರ."

"ಛಲೋ ಆತು" ಎಂದು ಅವರು ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟರು. ತಮ್ಮ ಮನೆಯ ಮಾತು ಎತ್ತಲಿಲ್ಲ. ನನಗೆ ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಬೇಡವೆನ್ನಲು ನನಗೆ ಯಾವ ಮುಖವಿತ್ತು?

ಮಧ್ಯಾಹ್ನದ ಲೋಕಲ್‌ನಲ್ಲಿ ಕೂರಲು ಜಾಗ ಸಿಕ್ಕಿತು. ಲ್ಯಾಪ್‌ಟಾಪ್ ತೆರೆದು ಹಳೆಯ ಲೆಕ್ಕವನ್ನು ಆರಿಸಿ ಒತ್ತಿದೆ. ಗಡಿ ಒಂದೇ ಕ್ಷಣದಲ್ಲಿ ಗುಡ್ಡದ ಮೇಲಕ್ಕೆ ಸರಿಯಿತು. ಗಿರಿಜಕ್ಕನ ಮನೆಯ ಚೌಕ ಗಡಿಯಿಂದ ದೂರ, ಕೆಳಗೆ ಉಳಿಯಿತು. ಅದರ ಮುಂದಿನ ಖಾನೆಯಲ್ಲಿ ಈಗಿನ ಸ್ಥಿತಿಯನ್ನು ತುಂಬಬೇಕಿತ್ತು. ಲೋಕಲ್ ಥಾಣೆ ಸ್ಟೇಷನ್ ದಾಟುವಾಗ "ಮನೆ ಇಲ್ಲ" ಎಂದು ತುಂಬಿದೆ.